ಚೊಗರು, ನೀಲಿಕಲ್ಲು ಮತ್ತು ನನ್ನ ಎಂ.ಟೆಕ್

ಮದುವೆ ಮನೆಗಳಲ್ಲಿ "ಈಗ ಎಂತ ಓದ್ತಾ ಇದ್ದೆ?" ಎಂದು ಯಾರಾದರೂ ಕೇಳಿದರೆ ಸುಮ್ನೆ "ಎಂ.ಟೆಕ್" ಎಂದು ಹೇಳಿ ಕೋಸಂಬರಿ ಕಡೆ ಗಮನ ಕೊಡುತ್ತೇನೆ. ಯಾಕೆಂದರೆ ಮುಂದಿನ ಪ್ರಶ್ನೆ "ಎಂತದ್ರಲ್ಲಿ?" ಎಂದೇ ಬರುತ್ತದೆ. ಸರ್ಟಿಫಿಕೇಟಿನಲ್ಲಿ ಬರುವುದು ಮೆಟೀರಿಯಲ್ಸ್ ಎಂಜಿನಿಯರಿಂಗ್. ನಾನು ಮಾಡುತ್ತಿರುವುದು ನೀರೊಳಗೆ ಹಿಡಿಯುವ ಅಂಟು. ಅದಕ್ಕೆ ಗುರು ಕಡಲ ಬಂಡೆಗೆ ಕಚ್ಚಿಕೊಂಡಿರುವ ನೀಲಿಕಲ್ಲು. ಮಂಗಳೂರು ಕಡೆ ಪಚ್ಚಿಲೆ ಅಂತಾರಲ್ಲ, ಆ ಚಿಪ್ಪುಜೀವಿ. ಶಿರಸಿಯ ಹವ್ಯಕರ ಮನೆಯ ಕೂಸು ಚಿಪ್ಪಿನ ಬೆನ್ನು ಹತ್ತಿದೆ ಎಂದು ಗೊತ್ತಾದರೆ ಊಟ ಮುಗಿಯುವ ತನಕ ಪಂಕ್ತಿಯಲ್ಲಿ ಬೇರೆ ಮಾತು ಇರುವುದಿಲ್ಲ.

ಆಯಿಗೆ ವಿಷಯ ಗೊತ್ತು. ಕುಮಟಾಕ್ಕೆ ಹೋಗಿಬಂದ ದಿನ ಬಾಗಿಲಲ್ಲೇ ನಿಲ್ಲಿಸುತ್ತಾಳೆ. "ಮೊದ್ಲು ಮಿಂದ್ಕಂಡು ಬಾ ಕೂಸೇ." ಅದಕ್ಕಿಂತ ಜಾಸ್ತಿ ಏನೂ ಹೇಳುವುದಿಲ್ಲ.

"ಅಕ್ಕಾ, ಪ್ರಕೃತಿಯಿಂದ ಕಲಿಯುವ ಎಂಜಿನಿಯರಿಂಗ್ ಓದಬೇಕು, ಎಲ್ಲಿ ಸೇರಲಿ?" ಎಂದು ಮೆಸೇಜ್ ಮಾಡುವ ಹುಡುಗ ಹುಡುಗಿಯರು ಈಚೆಗೆ ಜಾಸ್ತಿಯಾಗಿದ್ದಾರೆ. ಅವರಿಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ಹೊರದೇಶದಲ್ಲಿ ಇದೇ ಹೆಸರಿನಲ್ಲಿ ಓದಬಹುದು. ಜರ್ಮನಿಯ ಬ್ರೆಮನ್‌ನಲ್ಲಿ ಬಯೋನಿಕ್ ಎಂಬ ವಿಷಯದಲ್ಲಿ ಡಿಗ್ರಿಯೂ ಇದೆ, ಮಾಸ್ಟರ್ಸೂ ಇದೆ. ಯೂನಿವರ್ಸಿಟಿ ಕಾಲೇಜ್ ಲಂಡನ್‌ನಲ್ಲಿ ನೇಚರ್ ಇನ್‌ಸ್ಪೈರ್ಡ್ ಎಂಜಿನಿಯರಿಂಗ್‌ಗೆಂದೇ ಒಂದು ಕೇಂದ್ರ ಇದೆ. ನಮ್ಮಲ್ಲಿ ಹೆಚ್ಚಿನವರು ನನ್ನ ಹಾಗೆ ಹಿತ್ತಿಲ ಬಾಗಿಲಿನಿಂದ ಬಂದವರು. ಗೇಟ್ ಎಂಬ ಪ್ರವೇಶ ಪರೀಕ್ಷೆ ಬರೆದು, ಮೆಟೀರಿಯಲ್ಸೋ ಪಾಲಿಮರೋ ಮೆಕ್ಯಾನಿಕಲ್ಲೋ ಒಂದು ವಿಭಾಗಕ್ಕೆ ಸೇರಿ, ಆಮೇಲೆ ಈ ವಿಷಯದಲ್ಲಿ ಕೆಲಸ ಮಾಡುವ ಗೈಡ್ ಯಾರಿದ್ದಾರೆ ಎಂದು ಹುಡುಕುವುದು. ಗೇಟ್ ಮೂಲಕ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಬರುತ್ತದೆ. ಮನೆಯಲ್ಲಿ ಕೈಚಾಚದೆ ಬದುಕಬಹುದು, ಅಷ್ಟೇ.

ಮೊದಲ ವರ್ಷ ಪ್ರಕೃತಿಯ ಸುದ್ದಿಯೇ ಇರುವುದಿಲ್ಲ. ಥರ್ಮೊಡೈನಾಮಿಕ್ಸ್, ಫೇಸ್ ಡಯಾಗ್ರಾಂ, ಪಾಲಿಮರ್ ಕೆಮಿಸ್ಟ್ರಿ, ಫ್ರ್ಯಾಕ್ಚರ್ ಮೆಕ್ಯಾನಿಕ್ಸ್. ಹಕ್ಕಿ, ಚಿಟ್ಟೆ, ಜೇಡರ ಬಲೆ ಎಂದು ಆಸೆಪಟ್ಟು ಬಂದವರಿಗೆ ತಲೆ ಚಿಟ್ಟು ಹಿಡಿಯುತ್ತದೆ. ಆದರೆ ಇದು ಬೇಕೇ ಬೇಕು. ಫ್ರ್ಯಾಕ್ಚರ್, ಅಂದರೆ ಬಿರುಕು ಹೇಗೆ ಓಡುತ್ತದೆ ಎಂಬುದು, ಗೊತ್ತಿಲ್ಲದೆ ಚಿಪ್ಪಿನ ಒಳಮೈ ನೋಡಿದರೆ ಹೊಳಪು ಮಾತ್ರ ಕಾಣುತ್ತದೆ. ಆ ಹೊಳೆಯುವ ಪದರದಲ್ಲಿ ನೂರಕ್ಕೆ ಸುಮಾರು 95 ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಅಂದರೆ ಸುಣ್ಣದ ಕಲ್ಲಿನಲ್ಲಿ ಇರುವುದೇ. ಸುಣ್ಣದ ಕಲ್ಲು ಒಂದೇಟಿಗೆ ಒಡೆಯುತ್ತದೆ, ಚಿಪ್ಪು ಒಡೆಯುವುದಿಲ್ಲ. ಯಾಕೆಂದರೆ ಚಿಪ್ಪಿನಲ್ಲಿ ಅದು ಅರ್ಧ ಮೈಕ್ರಾನ್ (ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಪಾಲು) ದಪ್ಪದ ಬಿಲ್ಲೆಗಳಾಗಿ ಒಂದರ ಮೇಲೊಂದು ಕೂತಿದೆ, ನಡುನಡುವೆ ತೆಳ್ಳಗೆ ಪ್ರೋಟೀನ್ ಇದೆ. ಬಿರುಕು ನೇರ ಓಡಲಾರದು. ಪ್ರತಿ ಬಿಲ್ಲೆಯನ್ನೂ ಸುತ್ತಿಕೊಂಡು ಹೋಗಬೇಕು. ಹಾಗೆ ಸುತ್ತುವುದರಲ್ಲೇ ಅದರ ಜೋರು ಮುಗಿಯುತ್ತದೆ. ಈ ಒಂದು ಮಾತು ಅರ್ಥವಾಗಬೇಕಾದರೆ ಒಂದು ಸೆಮಿಸ್ಟರ್ ಲೆಕ್ಕ ಮಾಡಬೇಕು. ಬೇರೆ ದಾರಿ ಇಲ್ಲ.

ಈ ವಿಷಯದ ಬಗ್ಗೆ ನನಗೊಂದು ತಕರಾರೂ ಇದೆ. ಯೂಟ್ಯೂಬಿನಲ್ಲಿ ಬರುವ ಕತೆಗಳೆಲ್ಲ ತೀರಾ ಚಂದ. ಮಿಂಚುಳ್ಳಿ ಕೊಕ್ಕು ನೋಡಿದರು, ಬುಲೆಟ್ ರೈಲು ಮಾಡಿದರು. ಗೆದ್ದಲ ಹುತ್ತ ನೋಡಿದರು, ಎ.ಸಿ. ಬೇಡದ ಕಟ್ಟಡ ಕಟ್ಟಿದರು. ಈ ಎರಡನೆಯದನ್ನೇ ತೆಗೆದುಕೊಳ್ಳಿ. ಜಿಂಬಾಬ್ವೆಯ ಹರಾರೆಯಲ್ಲಿ ಈಸ್ಟ್‌ಗೇಟ್ ಸೆಂಟರ್ ಎಂಬ ದೊಡ್ಡ ಕಟ್ಟಡ ಇದೆ. ಮಿಕ್ ಪಿಯರ್ಸ್ ಎಂಬ ವಾಸ್ತುಶಿಲ್ಪಿ ಮಾಡಿದ್ದು, 1996ರಲ್ಲಿ ಮುಗಿಯಿತು. ಹುತ್ತದೊಳಗೆ ಬಿಸಿ ಗಾಳಿ ಮೇಲೇರಿ ಹೊರಹೋಗುತ್ತದೆ, ಅದರಿಂದ ಗೂಡು ತಂಪಾಗಿರುತ್ತದೆ ಎಂದು ಆಗ ಎಲ್ಲರೂ ನಂಬಿದ್ದರು. ಕಟ್ಟಡಕ್ಕೂ ಅದೇ ಕ್ರಮ ಹಾಕಿದರು. ಆಮೇಲೆ ಸ್ಕಾಟ್ ಟರ್ನರ್, ರೂಪರ್ಟ್ ಸೋರ್ ಎಂಬಿಬ್ಬರು ಹುತ್ತಗಳನ್ನು ಕೂಲಂಕಷವಾಗಿ ನೋಡಿದರು. ಹುತ್ತ ಇರುವುದು ತಂಪು ಮಾಡಲು ಅಲ್ಲ, ಹೊರಗಿನ ಗಾಳಿಯ ಏರಿಳಿತ ಬಳಸಿಕೊಂಡು ಉಸಿರಾಡಲು ಎಂದು ಹೇಳಿದರು. ಗೂಡಿನ ಉಷ್ಣತೆ ಸುತ್ತಲಿನ ಮಣ್ಣಿನ ಉಷ್ಣತೆಯ ಜೊತೆಗೇ ಹೋಗುತ್ತದಂತೆ. ತಮಾಷೆ ಅಂದರೆ ಕಟ್ಟಡ ಮಾತ್ರ ಚೆನ್ನಾಗಿಯೇ ನಡೆಯುತ್ತಿದೆ! ಹುತ್ತದ ಬಗ್ಗೆ ತಿಳಿದದ್ದು ತಪ್ಪು, ಎಂಜಿನಿಯರಿಂಗ್ ಸರಿ. (ನಮ್ಮ ಸೊಪ್ಪಿನ ಬೆಟ್ಟದಲ್ಲೂ ಹುತ್ತಗಳು ಬೇಕಾದಷ್ಟಿವೆ. ಒಡೆದು ನೋಡುವ ಧೈರ್ಯ ಮಾತ್ರ ಊರಿನಲ್ಲಿ ಯಾರಿಗೂ ಇಲ್ಲ, ನನಗೂ ಇಲ್ಲ. ನಾಗರಪಂಚಮಿಗೆ ಅದಕ್ಕೇ ಹಾಲೆರೆಯುವವರು ನಾವು.)

ಕೆಸುವಿನ ಎಲೆಯದ್ದೂ ಅಂಥದೇ ಕತೆ. ಮಳೆಗಾಲದಲ್ಲಿ ಪತ್ರೊಡೆಗೆ ಕೊಯ್ಯಲು ಹೋದಾಗ ಎಲೆಯ ಮೇಲೆ ನೀರು ಮಣಿಯಾಗಿ ಉರುಳುವುದನ್ನು ನೋಡದವರು ಯಾರಿದ್ದಾರೆ? ಕಮಲದ ಎಲೆಯೂ ಹಾಗೆಯೇ. ಜರ್ಮನಿಯ ಬಾರ್ತ್‌ಲೋಟ್ ಮತ್ತು ನೈನ್‌ಹೌಸ್ 1997ರಲ್ಲಿ ಇದರ ಗುಟ್ಟನ್ನು ವಿವರವಾಗಿ ಬರೆದರು. ಎಲೆಯ ಮೈಮೇಲೆ ಕಣ್ಣಿಗೆ ಕಾಣದ ಗುಳ್ಳೆಗಳು, ಗುಳ್ಳೆಗಳ ಮೇಲೆ ಮೇಣದ ಇನ್ನೂ ಸಣ್ಣ ಹರಳುಗಳು. ನೀರು ತುದಿಗಳ ಮೇಲೆ ಮಾತ್ರ ಕೂರುತ್ತದೆ, ಕೆಳಗೆಲ್ಲ ಗಾಳಿ. ಹನಿ ಮತ್ತು ಮೇಲ್ಮೈ ನಡುವಿನ ಕೋನ 150 ಡಿಗ್ರಿ ದಾಟುತ್ತದೆ, ಅಂದರೆ ಹನಿ ಹೆಚ್ಚುಕಡಿಮೆ ಪೂರ್ತಿ ಉರುಟು. ಇದನ್ನು ನೋಡಿ ಮನೆಗೆ ಬಳಿಯುವ ಬಣ್ಣವನ್ನೂ ಮಾಡಿದರು. ಆದರೆ ಎಲೆಯನ್ನು ಹೆಬ್ಬೆರಳಲ್ಲಿ ಜೋರಾಗಿ ಉಜ್ಜಿ ಆಮೇಲೆ ನೀರು ಹಾಕಿ ನೋಡಿ. ಮಣಿ ಆಗುವುದಿಲ್ಲ, ಹರಡಿಕೊಳ್ಳುತ್ತದೆ. ಮೇಣ ಹೋಯಿತು. ಎಲೆಗೆ ಜೀವ ಇದೆ, ಹೊಸ ಮೇಣ ಹಾಕಿಕೊಳ್ಳಬಲ್ಲದು. ಗೋಡೆಯ ಬಣ್ಣಕ್ಕೆ ಆ ಸೌಲಭ್ಯ ಇಲ್ಲ. ಇಂಥ ಮೇಲ್ಮೈಗಳು ಲ್ಯಾಬಿನಲ್ಲಿ ಗೆದ್ದು ರಸ್ತೆಯಲ್ಲಿ ಸೋಲುವುದು ಹೆಚ್ಚಾಗಿ ಇಲ್ಲೇ.

ಹಾಗಾಗಿ ನನ್ನ ಗೈಡ್ ಮೊದಲ ಭೇಟಿಯಲ್ಲೇ ಒಂದು ಮಾತು ಹೇಳಿದರು. "ಆಕಾರ ನಕಲು ಮಾಡ್ಬೇಡ. ಯಾವ ಕೆಲಸ ಯಾವ ಕಾರಣಕ್ಕೆ ನಡೀತಾ ಇದೆ ಹುಡುಕು. ಕಾರಣ ಸಿಕ್ಕಿದ್ರೆ ಪ್ರಾಣಿ ಬಿಟ್ಟುಬಿಡು." ಆಗ ತಲೆಯಾಡಿಸಿದ್ದೆ. ಅರ್ಥವಾದದ್ದು ನೀಲಿಕಲ್ಲಿನ ಜೊತೆ ಕೂತ ಮೇಲೆ.

ನೀಲಿಕಲ್ಲನ್ನು ಬಂಡೆಯಿಂದ ಕಿತ್ತವರಿಗೆ ಗೊತ್ತು, ಚಿಪ್ಪು ನೇರವಾಗಿ ಕಲ್ಲಿಗೆ ಅಂಟಿರುವುದಿಲ್ಲ. ಎರಡು ಹೋಳುಗಳ ಸಂದಿಯಿಂದ ಕಂದು ಬಣ್ಣದ ನೂಲಿನ ಗೊಂಚಲು ಹೊರಬಂದಿರುತ್ತದೆ. ಅಡುಗೆ ಮಾಡುವವರು ಅದನ್ನು ಎಳೆದು ಬಿಸಾಡುತ್ತಾರೆ. ಕುಮಟಾದಲ್ಲಿ ನನಗೆ ಪರಿಚಯದ ಒಬ್ಬ ಅಕ್ಕ ಇದ್ದಾರೆ, ನನಗಾಗಿ ಅದನ್ನು ಡಬ್ಬಿಯಲ್ಲಿ ತೆಗೆದಿಡುತ್ತಾರೆ. "ತಿಂಬೂದು ಬಿಟ್ಟು ಕಸ ಹೊತ್ಕೊಂಡು ಹೋಗ್ತದೆ ಈ ಹುಡ್ಗಿ" ಎಂದು ನಗುತ್ತಾರೆ. ಒಂದೊಂದು ನೂಲಿನ ತುದಿಯಲ್ಲೂ ಎರಡು ಮೂರು ಮಿಲಿಮೀಟರ್ ಅಗಲದ ಬಿಲ್ಲೆ ಇರುತ್ತದೆ. ಅಲೆ ಬಡಿದಾಗ ಅಷ್ಟೂ ಭಾರ ತಡೆಯುವುದು ಆ ಬಿಲ್ಲೆಗಳು.

ಗಾಜಿನ ತೊಟ್ಟಿಯಲ್ಲಿ ಜೀವಂತ ನೀಲಿಕಲ್ಲು ಇಟ್ಟರೆ ಬಿಲ್ಲೆ ಹುಟ್ಟುವುದನ್ನೇ ನೋಡಬಹುದು. ಮೊದಲು ಉದ್ದನೆಯ ಪಾದ ಹೊರಗೆ ಚಾಚುತ್ತದೆ. ಗಾಜನ್ನು ಅಲ್ಲಿ ಇಲ್ಲಿ ತಡವಿ ನೋಡುತ್ತದೆ. ಒಂದು ಕಡೆ ಒತ್ತಿ, ಕೆಲವು ನಿಮಿಷ ಅಲ್ಲಾಡದೆ ಇರುತ್ತದೆ. ಪಾದ ಹಿಂದೆ ಸರಿದಾಗ ಅಲ್ಲೊಂದು ಹೊಸ ನೂಲು, ಇನ್ನೂ ಬಿಳಿಚಿಕೊಂಡಿರುವುದು. ಆಮೇಲೆ ನಿಧಾನವಾಗಿ ಕಂದಾಗುತ್ತದೆ. ನನ್ನ ಎಂ.ಟೆಕ್ ಪೂರ್ತಿ ಆ ಕೆಲವು ನಿಮಿಷಗಳ ಮೇಲೆ ನಿಂತಿದೆ.

ನೀರೊಳಗೆ ಅಂಟು ಯಾಕೆ ಹಿಡಿಯುವುದಿಲ್ಲ? ಕಲ್ಲಿನ ಮೈಮೇಲೆ ನೀರಿನ ಮತ್ತು ಉಪ್ಪಿನ ಕಣಗಳು ಮೊದಲೇ ಕೂತಿರುತ್ತವೆ. ಹಬ್ಬದ ದಿನದ ಶಿರಸಿ-ಕುಮಟಾ ಬಸ್ಸಿನ ಹಾಗೆ, ಸೀಟು ಎಲ್ಲ ಭರ್ತಿ. ಅಂಟು ಬಂದರೆ ಕೂರಲು ಜಾಗ ಇಲ್ಲ. ನೀಲಿಕಲ್ಲಿನ ಅಂಟು ಪ್ರೋಟೀನಿನಲ್ಲಿ ಡೋಪಾ ಎಂಬ ಘಟಕ ಇದೆ. ಪಾರ್ಕಿನ್‌ಸನ್ ಕಾಯಿಲೆಗೆ ಕೊಡುವ ಮಾತ್ರೆಯಲ್ಲಿ ಇರುವ ಡೋಪಾ ಇದೇ. ಹರ್ಬರ್ಟ್ ವೇಟ್ ಎಂಬ ವಿಜ್ಞಾನಿ 1980ರ ದಶಕದ ಆರಂಭದಲ್ಲಿ ಇದನ್ನು ನೀಲಿಕಲ್ಲಿನ ಜಾತಿಯ ಜೀವಿಯ ಅಂಟಿನಲ್ಲಿ ಗುರುತಿಸಿದರು. ಡೋಪಾದಲ್ಲಿ ಕೆಟೆಕಾಲ್ ಎಂಬ ಗುಂಪು ಇದೆ. ಒಂದು ಉಂಗುರ, ಅದರ ಮೇಲೆ ಅಕ್ಕಪಕ್ಕದಲ್ಲಿ ಎರಡು ಹೈಡ್ರಾಕ್ಸಿಲ್ (ಆಮ್ಲಜನಕ-ಹೈಡ್ರೋಜನ್ ಜೋಡಿ). ಅದು ಕಲ್ಲಿನ ಮೈಯನ್ನು ಎರಡು ಕೈಯಲ್ಲಿ ಹಿಡಿಯುತ್ತದೆ. ಡೋಪಾದ ಪಕ್ಕದಲ್ಲೇ ಲೈಸೀನ್ ಎಂಬ ಇನ್ನೊಂದು ಘಟಕ ಇರುತ್ತದೆ, ಅದರ ನೈಟ್ರೋಜನ್ ಇರುವ ಅಮೀನ್ ಗುಂಪು ಉಪ್ಪಿನ ಕಣಗಳನ್ನು ಎಬ್ಬಿಸಿ ಜಾಗ ಮಾಡಿಕೊಡುತ್ತದೆ. ಇಬ್ಬರೂ ಸೇರಿದರೇ ಕೆಲಸ.

ಇನ್ನೊಂದು ತೊಡಕು ಇದೆ. ಕಡಲ ನೀರಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ಸುಮಾರು 8. ಸ್ವಲ್ಪ ಕ್ಷಾರ. ಅಲ್ಲಿ ಕೆಟೆಕಾಲ್ ಆಮ್ಲಜನಕದ ದೆಸೆಯಿಂದ ಬೇಗ ಆಕ್ಸಿಡೈಸ್ ಆಗಿ ಕಂದಾಗುತ್ತದೆ, ಮೈ ಹಿಡಿಯುವ ಗುಣ ಕಳೆದುಕೊಳ್ಳುತ್ತದೆ. ಅದಕ್ಕೇ ಜೀವಿ ಪಾದದ ಅಡಿಯಲ್ಲಿ ಒಂದು ಸಣ್ಣ ಕೋಣೆ ಮಾಡಿಕೊಂಡು ಅದರೊಳಗಿನ ನೀರನ್ನು ಹುಳಿ ಮಾಡುತ್ತದೆ. ಆಕ್ಸಿಡೈಸ್ ಆದ ಡೋಪಾವನ್ನು ಮತ್ತೆ ಮೊದಲಿನಂತೆ ಮಾಡಲು ಬೇರೊಂದು ಪ್ರೋಟೀನನ್ನೂ ಇಟ್ಟುಕೊಂಡಿದೆ. ಕಲ್ಲಿಗೆ ತಾಗುವ ಕಡೆ ಕೆಟೆಕಾಲ್ ಹಾಗೆಯೇ ಉಳಿಯಬೇಕು, ಒಳಗಡೆ ಅದೇ ಆಕ್ಸಿಡೈಸ್ ಆಗಿ ಗಟ್ಟಿಯಾಗಬೇಕು. ಒಂದೇ ಅಣುವಿಗೆ ಎರಡು ಕಡೆ ಎರಡು ಕೆಲಸ. ಇದನ್ನು ಓದಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ, ನಿಜಕ್ಕೂ.

ಇನ್ನು ಚೊಗರಿನ ವಿಷಯ. ಕಂದಾಗುವುದು ಎಂದಾಗ ಅಡಿಕೆ ತೋಟದ ಮನೆಯವರಿಗೆ ನೆನಪಾಗುವುದು ಇದೇ ಅಲ್ವಾ? ಹಸಿ ಅಡಿಕೆ ಸುಲಿದು ಹಂಡೆಯಲ್ಲಿ ಬೇಯಿಸಿದಾಗ ಉಳಿಯುವ ಕೆಂಪು ನೀರು. ಅದನ್ನೇ ಮುಂದಿನ ಹಂಡೆಗೂ ಹಾಕಿ ಕೆಂಪಡಿಕೆಗೆ ಬಣ್ಣ ಬರಿಸುತ್ತಾರೆ. ಬಟ್ಟೆಗೆ ಬಿದ್ದರೆ ಮುಗಿಯಿತು. ಹೆಗ್ಗೋಡಿನ ಕಡೆ ಕೈಮಗ್ಗದ ಬಟ್ಟೆಗೆ ಬೇಕೆಂದೇ ಇದರ ಬಣ್ಣ ಹಾಕುತ್ತಾರೆ. ಅಡಿಕೆ ಸುಲಿಯುವವರ ಬೆರಳು ಕಪ್ಪಾಗುವುದೂ ಇದರಿಂದಲೇ, ಅಡಿಕೆಯ ಟ್ಯಾನಿನ್ ಎಂಬ ಒಗರು ಅಂಶ ಮತ್ತು ಕತ್ತಿಯ ಕಬ್ಬಿಣ ಸೇರಿದರೆ ಕಪ್ಪು. ಆ ಟ್ಯಾನಿನ್ ಕಟ್ಟಿರುವುದು ಕೆಟೆಚಿನ್ ಜಾತಿಯ ಅಣುಗಳಿಂದ. ಅವುಗಳಲ್ಲೂ ಅದೇ ಕೆಟೆಕಾಲ್ ಗುಂಪು! ನೀಲಿಕಲ್ಲು ಬಂಡೆ ಹಿಡಿಯುವ ಕೈ, ಚೊಗರು ಪಂಚೆ ಹಿಡಿಯುವ ಕೈ, ಎರಡೂ ಒಂದೇ.

ಇದು ನನ್ನ ಶೋಧ ಅಲ್ಲ, ಹೇಳಿಬಿಡುತ್ತೇನೆ. 2007ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ಯೂನಿವರ್ಸಿಟಿಯ ಮೆಸರ್‌ಸ್ಮಿತ್ ತಂಡ ಕೆಟೆಕಾಲ್, ಅಮೀನ್ ಎರಡೂ ಇರುವ ಡೋಪಮಿನ್ ಎಂಬ ಸಣ್ಣ ಅಣುವನ್ನು 8.5 ಪಿಎಚ್‌ನ ನೀರಿನಲ್ಲಿ ಕರಗಿಸಿ, ವಸ್ತುಗಳನ್ನು ಸುಮ್ನೆ ಅದ್ದಿಟ್ಟರು. ನೀರು ಕಂದಾಯಿತು, ಅದ್ದಿದ್ದರ ಮೇಲೆಲ್ಲ ತೆಳುಪದರ ಕೂತಿತು. ಯಾವುದಕ್ಕೂ ಅಂಟದ ಟೆಫ್ಲಾನ್ ಮೇಲೂ ಕೂತಿತು. 2013ರಲ್ಲಿ ಮೆಲ್ಬರ್ನ್‌ನ ತಂಡವೊಂದು ಟ್ಯಾನಿಕ್ ಆಸಿಡ್ ಮತ್ತು ಕಬ್ಬಿಣದ ಉಪ್ಪು ಸೇರಿಸಿ ಒಂದೇ ಹೆಜ್ಜೆಯಲ್ಲಿ ಪದರ ಮಾಡಿ ತೋರಿಸಿತು. ಮರದ ಅಂಟಿಗೆ ಟ್ಯಾನಿನ್ ಬಳಸುವುದಂತೂ ಇನ್ನೂ ಹಳೆಯದು. ನನ್ನ ಪಾಲಿನ ಕೆಲಸ ಚಿಕ್ಕದು. ಪ್ರೋಟೀನ್ ಮಾಡುವುದು ದುಬಾರಿ, ಡೋಪಮಿನ್ ಕೂಡ ಅಗ್ಗ ಅಲ್ಲ. ಕೆಟೆಕಾಲ್‌ಗೆ ಚೊಗರು, ಅಮೀನ್‌ಗೆ ಸಿಗಡಿ ಸಿಪ್ಪೆಯಿಂದ ತೆಗೆಯುವ ಕೈಟೋಸಾನ್. ಇವೆರಡನ್ನು ಹೇಗೆ ಸೇರಿಸಿದರೆ ಉಪ್ಪುನೀರಿನಲ್ಲಿ ಹಿಡಿಯುತ್ತದೆ? ಗೈಡ್ ಹೇಳಿದ "ಪ್ರಾಣಿ ಬಿಟ್ಟುಬಿಡು" ಅಂದರೆ ಇದು. ಕಾರಣ ಸಿಕ್ಕಮೇಲೆ ಅದು ಅಗ್ಗವಾಗಿ ಎಲ್ಲಿ ಸಿಗುತ್ತದೆ ಎಂದು ನೋಡು. ನನಗೆ ಅದು ನಮ್ಮನೆ ಕೊಟ್ಟಿಗೆಯ ಪಕ್ಕದ ಒಲೆಯ ಮೇಲೆ ಸಿಕ್ಕಿತು.

ಅಪ್ಪಯ್ಯನಿಗೆ ಇದನ್ನೆಲ್ಲ ವಿವರಿಸಿದೆ. ಕವಳ ಉಗಿದು ಬಂದು ಹೇಳಿದ, "ಚೊಗರು ಹತ್ತಿದ್ರೆ ಹೋಗ್ತಿಲ್ಲೆ ಹೇಳದು ಎಂ.ಟೆಕ್ ಮಾಡಿದ ಮೇಲೆ ಗೊತ್ತಾತ?"

ಚೊಗರಿನ ದೊಡ್ಡ ತಲೆನೋವು ಅಂದರೆ ಒಂದು ಹಂಡೆಯ ಹಾಗೆ ಇನ್ನೊಂದು ಇರುವುದಿಲ್ಲ. ಎಳೆ ಅಡಿಕೆಯದ್ದು ಬೇರೆ, ಬಲಿತದ್ದು ಬೇರೆ. ಎಷ್ಟು ಸಲ ಬೇಯಿಸಿದ್ದು ಎಂಬುದರ ಮೇಲೂ ಬದಲಾಗುತ್ತದೆ. ಅಂಗಡಿಯಿಂದ ತಂದ ಟ್ಯಾನಿಕ್ ಆಸಿಡ್‌ಗೆ ಈ ರಗಳೆ ಇಲ್ಲ. ಅದಕ್ಕೇ ಪ್ರತಿ ಬಾಟಲಿಯ ಟ್ಯಾನಿನ್ ಪ್ರಮಾಣ ಅಳೆದು, ಆಮೇಲೇ ಅಂಟು ಮಾಡುವುದು. ಅಂಟಿಸುವ ಪರೀಕ್ಷೆ ನೋಡಲು ಏನೂ ಇಲ್ಲ. ಎರಡು ಪಟ್ಟಿಗಳ ತುದಿಯನ್ನು ಒಂದರ ಮೇಲೊಂದು ಇಟ್ಟು ನೀರೊಳಗೆ ಅಂಟಿಸಿ, ಮೆಷಿನ್‌ಗೆ ಕಚ್ಚಿಸಿ ಎಳೆಯುವುದು. ಗ್ರಾಫ್ ಏರುತ್ತದೆ, ಟಪ್ ಎಂದು ಬೀಳುತ್ತದೆ. ನನಗೆ ಸಂಖ್ಯೆಗಿಂತ ಮುರಿದ ಪಟ್ಟಿ ಮುಖ್ಯ. ಅಂಟು ಪೂರ್ತಿ ಒಂದೇ ಪಟ್ಟಿಯಲ್ಲಿ ಉಳಿದಿದ್ದರೆ ಇನ್ನೊಂದರ ಮೈ ಹಿಡಿದಿಲ್ಲ ಎಂದರ್ಥ. ಎರಡೂ ಪಟ್ಟಿಯಲ್ಲಿ ಕಂದು ಕಲೆ ಇದ್ದರೆ ಮೈ ಹಿಡಿದಿದೆ, ಅಂಟು ತಾನೇ ನಡುವೆ ಹರಿದಿದೆ. ಈ ಎರಡಕ್ಕೂ ಮದ್ದು ಬೇರೆ ಬೇರೆ. ಒಂದಕ್ಕೆ ಅಮೀನ್ ಜಾಸ್ತಿ ಮಾಡಬೇಕು, ಇನ್ನೊಂದಕ್ಕೆ ಕಬ್ಬಿಣದ ಉಪ್ಪು ಸ್ವಲ್ಪ ಸೇರಿಸಿ ಒಳಗೆ ಗಟ್ಟಿ ಮಾಡಬೇಕು. ಕಬ್ಬಿಣ ಜಾಸ್ತಿಯಾದರೆ ಕೆಟೆಕಾಲ್ ಎಲ್ಲ ಅದನ್ನೇ ಹಿಡಿದುಕೊಂಡು ಕೂರುತ್ತದೆ, ಕಲ್ಲಿಗೆ ಏನೂ ಉಳಿಯುವುದಿಲ್ಲ.

ನನ್ನ ರೂಮ್‌ಮೇಟ್‌ನ ಕೆಲಸ ಪೂರ್ತಿ ಉಲ್ಟಾ. ಅವಳು ಏನೂ ಅಂಟದ ಮೇಲ್ಮೈ ಮಾಡುತ್ತಾಳೆ, ಶಾರ್ಕ್ ಚರ್ಮದ ಗೀರುಗಳನ್ನು ನೋಡಿ. ಹಡಗಿನ ತಳಕ್ಕೆ ಚಿಪ್ಪು, ಪಾಚಿ ಹಿಡಿದರೆ ಎಣ್ಣೆ ಖರ್ಚು ಏರುತ್ತದೆ. ಹಿಂದೆ ಟಿಬಿಟಿ ಎಂಬ ತವರದ ವಿಷವಿರುವ ಬಣ್ಣ ಬಳಿಯುತ್ತಿದ್ದರು. ಅದರಿಂದ ಹೆಣ್ಣು ಕಡಲಬಸವನಹುಳುಗಳಿಗೆ ಗಂಡಿನ ಅಂಗ ಬೆಳೆಯತೊಡಗಿತು. 2001ರಲ್ಲಿ ಅಂತಾರಾಷ್ಟ್ರೀಯ ಒಪ್ಪಂದವಾಗಿ 2008ರಿಂದ ನಿಷೇಧ ಜಾರಿಗೆ ಬಂತು. ವಿಷವಿಲ್ಲದೆ ಬರೀ ಗೀರುಗಳಿಂದ ಅದನ್ನು ತಡೆಯಲು ಆದೀತಾ ಎಂಬುದು ಅವಳ ಪ್ರಶ್ನೆ. ಅವಳ ಸ್ಯಾಂಪಲ್‌ಗೆ ನನ್ನ ಅಂಟು ಹಿಡಿದರೆ ಯಾರು ಪಾಸು, ಯಾರು ಫೇಲು ಎಂದು ಮೆಸ್ಸಿನಲ್ಲಿ ಜಗಳ ನಡೆಯುತ್ತಿರುತ್ತದೆ.

ಕೆಲಸ ಸಿಗುತ್ತದಾ ಎಂದು ಕೇಳುವವರಿಗೆ: ಈ ಹೆಸರಿನ ಕೆಲಸ ಇಲ್ಲ. ಬಣ್ಣ, ಅಂಟು, ಹಲ್ಲಿನ ಸಿಮೆಂಟ್, ಗಾಯದ ಪಟ್ಟಿ ಮಾಡುವ ಕಂಪನಿಗಳಿವೆ. ಅಲ್ಲಿ ಕೇಳುವುದು ಪಾಲಿಮರ್ ಕೆಮಿಸ್ಟ್ರಿ ಬರುತ್ತದಾ ಎಂದು. ಇಲ್ಲವೇ ಪಿಎಚ್.ಡಿ.

ಈ ಸಲದ ಮೀನುಗಾರಿಕೆ ರಜೆಯಲ್ಲಿ, ಜೂನ್-ಜುಲೈ ಎರಡು ತಿಂಗಳು ಬೋಟುಗಳು ಕಡಲಿಗೆ ಇಳಿಯುವುದಿಲ್ಲವಲ್ಲ, ಆಗ ಅಘನಾಶಿನಿ ನದಿ ಕಡಲು ಸೇರುವ ತದಡಿಗೆ ಹೋಗಿದ್ದೆ. ದಡಕ್ಕೆ ಎಳೆದಿಟ್ಟ ಫೈಬರ್ ದೋಣಿಗೆ ತೇಪೆ ಹಾಕುತ್ತಿದ್ದ ಒಬ್ಬರ ಪಕ್ಕ ಕೂತು ನನ್ನ ಪಟ್ಟಿಗಳನ್ನು ತೋರಿಸಿದೆ. ಕೈಯಲ್ಲಿ ತಿರುಗಿಸಿ ನೋಡಿದರು. "ತಂಗೀ, ಇದು ತೊಳೆದ ಮೈಗೆ ಹಿಡೂದಾದ್ರೆ ನಮ್ಗೆ ಎಂ-ಸೀಲ್ ಸಿಕ್ತದೆ. ಪಾಚಿ ಹಿಡಿದ ಮೈಗೆ ಹಿಡೀತದ್ಯಾ? ತೂತು ಬೀಳೂದು ನಡು ಸಮುದ್ರದಲ್ಲಿ, ಅಲ್ಲಿ ತೊಳೂಕೆ ಯಾರು ಬರ್ತ್ರು?"

ನಾವು ಲ್ಯಾಬಿನಲ್ಲಿ ಪ್ರತಿ ಪಟ್ಟಿಯನ್ನೂ ಅಸಿಟೋನ್‌ನಲ್ಲಿ ತೊಳೆದು, ಒಣಗಿಸಿ, ಆಮೇಲೆ ನೀರಿಗೆ ಹಾಕುತ್ತೇವೆ. ನಾನು ಓದಿದ ಪೇಪರುಗಳಲ್ಲೂ ಹೆಚ್ಚಿನವರು ಹಾಗೆಯೇ ಮಾಡಿದ್ದಾರೆ. ಕೊಳೆ ಮೈಯ ಮೇಲೆ ಪರೀಕ್ಷೆ ಮಾಡಿದರೆ ಸಂಖ್ಯೆಗಳು ಹಾಳಾಗುತ್ತವೆ, ಗ್ರಾಫ್ ಚಂದ ಬರುವುದಿಲ್ಲ. ಆದರೆ ಅವರು ಕೇಳಿದ್ದೇ ಸರಿಯಾದ ಪರೀಕ್ಷೆ ಎಂದು ನನಗೆ ಅನಿಸಿದೆ. ಅಲ್ಲೇ ಒಂದು ಹಗ್ಗಕ್ಕೆ ಫೈಬರ್ ತುಂಡುಗಳನ್ನು ಕಟ್ಟಿ, ಅವರ ಒಪ್ಪಿಗೆ ಕೇಳಿ, ಜೆಟ್ಟಿಯ ಪಕ್ಕ ನೀರಿಗೆ ಇಳಿಬಿಟ್ಟು ಬಂದಿದ್ದೇನೆ. ಅಘನಾಶಿನಿಗೆ ಎಲ್ಲೂ ಅಣೆಕಟ್ಟಿಲ್ಲ, ಮಳೆಗಾಲದಲ್ಲಿ ಅಳಿವೆಯ ನೀರು ಬಹಳಷ್ಟು ಸಿಹಿಯಾಗಿಬಿಡುತ್ತದೆ. ಉಪ್ಪು ಮರಳುವ ಹೊತ್ತಿಗೆ ತುಂಡುಗಳ ಮೇಲೆ ಪಾಚಿಯ ಜೊತೆ ಎಳೆ ಚಿಪ್ಪುಗಳೂ ಕೂತಿರಬಹುದು. ದೀಪಾವಳಿ ಮುಗಿದ ಮೇಲೆ ತೆಗೆದು, ತೊಳೆಯದೆ, ಹಾಗೆಯೇ ಅಂಟಿಸಿ ಎಳೆಯುವುದು. ಮೆಷಿನ್‌ನ ಹಿಡಿಕೆಗೆ ಪಾಚಿ ಮೆತ್ತಿದರೆ ಲ್ಯಾಬಿನ ಅಣ್ಣ ಬಯ್ಯುತ್ತಾರೆ. ಗೈಡ್‌ಗೆ ಇನ್ನೂ ಹೇಳಿಲ್ಲ.